ಹಾಥಾರ್ನ್ ಪ್ರಯೋಗದಲ್ಲಿ ಪಗಾರದ ಮಾತು ಎಲ್ಲಿ ಹೋಯ್ತು?

ಧಾರವಾಡದಲ್ಲಿ ಎಂಬಿಎ ಓದುವ ಹುಡುಗರು ಕೆಲಸಗಾರರ ಉತ್ಪಾದನೆ ಯಾವುದರಿಂದ ಏರುತ್ತದೆ ಅಂತ ನೋಡಿದ ಹಾಥಾರ್ನ್ ಪ್ರಯೋಗವನ್ನು ಸುಮ್ನೆ ಬಾಯಿಪಾಠ ಮಾಡುತ್ತಾರೆ. ಶಿಕಾಗೋ ಹತ್ತಿರದ ಹಾಥಾರ್ನ್ ಕಾರ್ಖಾನೆ, 1924ರಲ್ಲಿ ಶುರು, ಮೊದಲು ದೀಪದ ಬೆಳಕಿನ ಪರೀಕ್ಷೆ. ಅದರಿಂದ ಏನೂ ಸ್ಪಷ್ಟವಾಗಲಿಲ್ಲ.

ಮಜಾ ಇರುವುದು ಮುಂದೆ. 1927ರಲ್ಲಿ ರಿಲೇ (ಟೆಲಿಫೋನ್ ವ್ಯವಸ್ಥೆಯ ಒಂದು ಬಗೆಯ ಸ್ವಿಚ್) ಜೋಡಿಸುವ ಐವರು ಹೆಣ್ಣುಮಕ್ಕಳನ್ನು ಬೇರೆ ಕೋಣೆಯಲ್ಲಿ ಕೂರಿಸಿ, ಬಿಡುವು, ಕೆಲಸದ ಹೊತ್ತು ಎಲ್ಲ ಬದಲಿಸುತ್ತಾ ಹೋದರು, ಉತ್ಪಾದನೆ ಏರಿತು. ಯಾರೋ ಗಮನಿಸುತ್ತಿದ್ದರು, ಅದಕ್ಕೇ ಏರಿತು ಅಂತ ಗೈಡುಗಳು ಮುಗಿಸಿಬಿಡುತ್ತವೆ. ಆದರೆ ಪಗಾರದ ಲೆಕ್ಕವೂ ಬದಲಾಗಿತ್ತಲ್ವಾ! ಮೊದಲು ಇಡೀ ವಿಭಾಗದ ಕೆಲಸ ನೋಡಿ ಹಣ, ಆಮೇಲೆ ಆ ಐವರ ಕೆಲಸಕ್ಕಷ್ಟೇ. ಜೊತೆಗೆ ಮಾತು ಜಾಸ್ತಿ ಅಂತ ನಡುವೆ ಇಬ್ಬರನ್ನು ಬದಲಿಸಿದ್ದರು. ಹುಬ್ಬಳ್ಳಿಯ ಗೋಕುಲ ರಸ್ತೆಯ ಯಾವ ವರ್ಕ್‌ಶಾಪಿನಲ್ಲಿ ಕೇಳಿದರೂ 'ರೊಕ್ಕದ ಮಾತು ಬಿಟ್ಟೀರಲ್ರೀ' ಅಂದಾರು.

ಪರೀಕ್ಷೆಯಲ್ಲಿ ಇದನ್ನೂ ಒಂದು ಸಾಲು ಬರೀರಿ.