ಮಗಳ ಜೊತೆ ನಮಗೂ ಪ್ರವೇಶ

ಮಗಳು ಸರಕಾರಿ ಶಾಲೆಯ ಒಂದನೆಯ ತರಗತಿಯಲ್ಲಿ ಓದುತ್ತಿರುವ ಟೋಕಿಯೊದಿಂದ ಈ ಸಲ ಪಂಚಮಿಗೆ ಬಾಗಲಕೋಟೆಗೆ ಬಂದಾಗ, ನವನಗರದ ನಮ್ಮ ಮನೆಯ ಕಟ್ಟೆಯ ಮೇಲೆ ಉಂಡಿಯ ತಾಟು ಹಿಡಿದು ಕುಳಿತವರಲ್ಲಿ ಹೆಚ್ಚು ಪ್ರಶ್ನೆ ಕೇಳಿದವರು ಎರಡು ಓಣಿ ಆಚೆಯ ದಂಪತಿ. ಬರುವ ಮಾರ್ಚಿಯಲ್ಲಿ ಅವರು ಕಂಪನಿಯ ಕೆಲಸದ ಮೇಲೆ ಟೋಕಿಯೊಗೆ ಹೊರಟಿದ್ದಾರೆ, ಮಗನಿಗೆ ಈಗಷ್ಟೇ ಆರು ತುಂಬಿದೆ. "ಅಲ್ಲೆ ಡೊನೇಶನ್ ಎಷ್ಟ್ ಕೇಳ್ತಾರ್ರಿ?" ಎಂಬುದೇ ಅವರ ಮೊದಲ ಪ್ರಶ್ನೆಯಾಗಿತ್ತು. ಸರಕಾರಿ ಶಾಲೆಯಲ್ಲಿ ಡೊನೇಶನ್ನೂ ಇಲ್ಲ, ಬೋಧನಾ ಶುಲ್ಕವೂ ಇಲ್ಲ ಎಂದಾಗ ಇಬ್ಬರೂ ನನ್ನ ಮುಖವನ್ನು ಸಂಶಯದಿಂದ ನೋಡಿದರು. ಹಣದ ಮಾತು ಅಲ್ಲಿಗೆ ಮುಗಿಯಿತು. ಆದರೆ ಆ ಶಾಲೆಗಳು ಹಣದ ಬದಲು ಪಾಲಕರಿಂದ ಏನನ್ನು ಕೇಳುತ್ತವೆ ಎಂಬುದನ್ನು ಉಂಡಿ ತಿಂದು ಮುಗಿಯುವಷ್ಟರಲ್ಲಿ ಹೇಳಲಾಗಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ನಮ್ಮಲ್ಲಿ ಮಗುವನ್ನು ಶಾಲೆಗೆ ಒಪ್ಪಿಸಿ ಬರುತ್ತೇವೆ. ಅಲ್ಲಿ ಮಗುವಿನ ಜೊತೆ ಮನೆಯವರ ಹೆಸರೂ ಹಾಜರಿಯಲ್ಲಿ ಸೇರಿತೇನೋ ಎನ್ನಿಸುವಷ್ಟು ಕೆಲಸ ಮನೆಗೆ ಬರುತ್ತದೆ.

ಪ್ರವೇಶದ ವಿಧಾನ ಸರಳವಾಗಿದೆ. ಜಪಾನಿನ ಕಾನೂನು ಕಡ್ಡಾಯ ಶಿಕ್ಷಣದ ಹೊಣೆಯನ್ನು ವಿದೇಶಿ ಪಾಲಕರ ಮೇಲೆ ಹೊರಿಸುವುದಿಲ್ಲ; ಆದರೆ ತಾವಾಗಿ ಅರ್ಜಿ ಕೊಟ್ಟವರ ಮಕ್ಕಳನ್ನು ಅಲ್ಲಿಯ ಮಕ್ಕಳಂತೆಯೇ ಸೇರಿಸಿಕೊಂಡು ಪಠ್ಯಪುಸ್ತಕಗಳನ್ನೂ ಉಚಿತವಾಗಿ ಕೊಡುತ್ತಾರೆ. ಮೊದಲು ಹೋಗಬೇಕಾದದ್ದು ಶಾಲೆಗಲ್ಲ, ವಾರ್ಡ್ ಕಚೇರಿಗೆ. ಅಲ್ಲಿ ವಿಳಾಸ ನೋಂದಾಯಿಸಿ, ನಿವಾಸ ಕಾರ್ಡು ತೋರಿಸಿ, ಶಿಕ್ಷಣ ಮಂಡಳಿಯ ಕಿಟಕಿಯಲ್ಲಿ ಅರ್ಜಿ ಕೊಟ್ಟರೆ, ಆ ವಿಳಾಸ ಯಾವ ಶಾಲೆಯ ಹದ್ದಿನೊಳಗೆ ಬರುತ್ತದೋ ಆ ಶಾಲೆಯ ಹೆಸರನ್ನು ಅವರೇ ಹೇಳುತ್ತಾರೆ. ಅಲ್ಲಿಯ ಬಹುತೇಕ ಬೀದಿಗಳಿಗೆ ಹೆಸರಿಲ್ಲ, ಬ್ಲಾಕುಗಳಿಗೆ ನಂಬರುಗಳಿವೆ. ಹಳೆಯ ಊರು ಆಲಮಟ್ಟಿಯ ಹಿನ್ನೀರಿಗೆ ಹೋದ ಮೇಲೆ ಸೆಕ್ಟರ್ ನಂಬರಿನಲ್ಲೇ ಬೆಳೆದ ನವನಗರದವರಿಗೆ ಅದೇನೂ ಕಷ್ಟವಾಗದು.

ವಯಸ್ಸಿನ ಲೆಕ್ಕ ಮಾತ್ರ ಕಟ್ಟುನಿಟ್ಟು. ಶಾಲಾ ವರ್ಷ ಏಪ್ರಿಲಿನಲ್ಲಿ ಆರಂಭವಾಗುತ್ತದೆ; ಒಂದು ವರ್ಷದ ಏಪ್ರಿಲ್ 2ರಿಂದ ಮುಂದಿನ ವರ್ಷದ ಏಪ್ರಿಲ್ 1ರವರೆಗೆ ಹುಟ್ಟಿದವರೆಲ್ಲ ಒಂದೇ ತರಗತಿ. ಇಲ್ಲಿಂದ ಒಯ್ದ ಟಿ.ಸಿ.ಯಲ್ಲಿ ಯಾವ ತರಗತಿ ಬರೆದಿದ್ದರೂ ಅವರು ನೋಡುವುದು ಹುಟ್ಟಿದ ದಿನಾಂಕವನ್ನೇ. ನಮ್ಮ ತಂದೆಯವರ ತಲೆಮಾರಿನಲ್ಲಿ ಮಾಸ್ತರರು ಹುಡುಗನ ಎತ್ತರ ನೋಡಿ ಜೂನ್ 1 ಎಂದು ಬರೆದುಕೊಂಡು ಅರ್ಧ ಊರಿಗೆ ಒಂದೇ ಹುಟ್ಟುಹಬ್ಬ ಮಾಡಿಟ್ಟಿದ್ದರಲ್ಲ, ಆ ಔದಾರ್ಯ ಅಲ್ಲಿ ನಡೆಯುವುದಿಲ್ಲ.

ಶಾಲೆ ಸೇರುವ ಮೊದಲು ಪಾಲಕರ ಸಭೆಯೊಂದಿರುತ್ತದೆ. ಆ ಸಭೆಯಲ್ಲಿ ಕೊಟ್ಟ ಪಟ್ಟಿಯಲ್ಲಿ ಪೆನ್ಸಿಲ್ 2ಬಿ ಆಗಿರಬೇಕು, ಅದರ ಮೇಲೆ ಗೊಂಬೆಯ ಚಿತ್ರಗಳಿರಬಾರದು, ಕೈಚೀಲದ ಉದ್ದಗಲ ಇಂತಿಷ್ಟಿರಬೇಕು ಎಂಬಲ್ಲಿಯವರೆಗೆ ಬರೆದಿತ್ತು. ಕೊನೆಯ ಸಾಲು, ಎಲ್ಲ ವಸ್ತುಗಳ ಮೇಲೂ ಹೆಸರು ಬರೆಯಿರಿ ಎಂದಿತ್ತು. ಆ "ಎಲ್ಲ" ಎಂಬ ಶಬ್ದದ ಅರ್ಥ ನನಗೆ ತಿಳಿದದ್ದು ಗಣಿತದ ಪೆಟ್ಟಿಗೆ ಕೈಗೆ ಬಂದಾಗ. ಎಣಿಸಲಿಕ್ಕೆಂದು ಕೊಟ್ಟ ಬೆರಳುಗುರಿನಷ್ಟು ಚಿಕ್ಕ ಬಿಲ್ಲೆಗಳು, ಬಣ್ಣದ ಕಡ್ಡಿಗಳು, ಆಟದ ಗಡಿಯಾರ, ಹನ್ನೆರಡು ಪೆನ್ಸಿಲ್‌ಗಳು, ಒಂದೊಂದು ಕ್ರೇಯಾನ್, ಕ್ರೇಯಾನಿನ ಮುಚ್ಚಳ ಬೇರೆ. ಹೆಂಡತಿಯೂ ನಾನೂ ಎರಡು ರಾತ್ರಿ ಕುಳಿತು, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಚೀಟಿಗಳ ಮೇಲೆ ಹಿರಗಾನಾ ಲಿಪಿಯಲ್ಲಿ ಮಗಳ ಹೆಸರು ಬರೆದು, ಚಿಮಟಿಗೆಯಿಂದ ಹಿಡಿದು ಅಂಟಿಸಿದೆವು. ಅಚ್ಚು ಹಾಕಿದ ಚೀಟಿಗಳೇ ಅಲ್ಲಿ ಮಾರಾಟಕ್ಕೆ ಸಿಗುತ್ತವೆ ಎಂಬುದು ಮೂರನೆಯ ದಿನ ತಿಳಿಯಿತು. ಹೊಸದಾಗಿ ಹೋಗುವವರು ಅವನ್ನೇ ಕೊಳ್ಳಲಿ. ಬೆನ್ನಿಗೆ ಹಾಕುವ ರಂದೊಸೆರು ಎಂಬ ಗಟ್ಟಿ ಚೀಲಕ್ಕೆ 50ರಿಂದ 70 ಸಾವಿರ ಯೆನ್ ಕೊಡುವುದು ಸಾಮಾನ್ಯ. ಅದು ಕಡ್ಡಾಯವಲ್ಲ, ಆದರೆ ತರಗತಿಯ ಎಲ್ಲ ಮಕ್ಕಳ ಬೆನ್ನ ಮೇಲೂ ಅದೇ ಇರುವಾಗ ನಮ್ಮ ಮಗುವಿಗೆ ಬೇರೆಯದು ಕೊಡಿಸುವ ಧೈರ್ಯ ನಮಗೆ ಬರಲಿಲ್ಲ. ಆರು ವರ್ಷ ಬಾಳುತ್ತದೆ ಎಂಬುದೊಂದು ಸಮಾಧಾನ.

ಅದೇ ಪಟ್ಟಿಯಲ್ಲಿ "ಜೋಕಿನ್ ಎರಡು" ಎಂದಿತ್ತು. ಹಳೆಯ ಟವೆಲ್ಲನ್ನು ಮಡಚಿ ಹೊಲಿದ ನೆಲ ಒರೆಸುವ ಬಟ್ಟೆಗೆ ಆ ಹೆಸರು. ಮಕ್ಕಳು ಪ್ರತಿದಿನ ಹದಿನೈದಿಪ್ಪತ್ತು ನಿಮಿಷ ತಮ್ಮ ತರಗತಿಯನ್ನು, ಪಡಸಾಲೆಯನ್ನು, ಮೆಟ್ಟಿಲುಗಳನ್ನು ತಾವೇ ಗುಡಿಸಿ ಒರೆಸುತ್ತಾರೆ. ಇದನ್ನು ಕೇಳಿ ನಮ್ಮ ಅವ್ವ ಫೋನಿನಲ್ಲಿಯೇ ಸಿಟ್ಟಾದಳು: "ಕಸಾ ಹೊಡಸಾಕ ಅಷ್ಟ್ ದೂರ ಕರ್ಕೊಂಡ್ ಹೋಗೀರೇನು?" ಅವಳ ಸಿಟ್ಟಿಗೆ ಕಾರಣವಿಲ್ಲ ಎಂದು ನಾನು ಹೇಳಲಾರೆ. ನಮ್ಮ ನಾಡಿನಲ್ಲಿ ಶಾಲೆಯ ಶೌಚಾಲಯವನ್ನು ಮಕ್ಕಳಿಂದ ತೊಳೆಸಿದ ಸುದ್ದಿ ಬಂದಾಗಲೆಲ್ಲ ಯಾವ ಮಕ್ಕಳಿಂದ ತೊಳೆಸಿದರು ಎಂಬ ಪ್ರಶ್ನೆ ಏಳುತ್ತದೆ, ಏಳಲೇಬೇಕು. ಅಲ್ಲಿ ಆ ಪ್ರಶ್ನೆಗೆ ಎಡೆಯಿಲ್ಲದಂತೆ ಪಾಳಿಯ ಚಕ್ರವೊಂದು ಗೋಡೆಯ ಮೇಲೆ ತೂಗುತ್ತದೆ. ವಾರಕ್ಕೊಮ್ಮೆ ಅದನ್ನು ತಿರುಗಿಸಿದರೆ ಎಲ್ಲ ಹೆಸರುಗಳೂ ಒಂದೊಂದು ಮನೆ ಮುಂದೆ ಸರಿಯುತ್ತವೆ. ಬಟ್ಟೆಯನ್ನು ಅಂಗಡಿಯಿಂದ ತರದೆ ನಾನೇ ಹೊಲಿದೆ. ಅಂಚಿನ ಹೊಲಿಗೆ ಮೂರೇ ವಾರದಲ್ಲಿ ಬಿಚ್ಚಿಕೊಂಡು ಮನೆಗೆ ವಾಪಸು ಬಂದಿತು, ಜೊತೆಗೆ ಮಗಳ ದೂರೂ ಬಂದಿತು.

ಇನ್ನು ಊಟ. ನಮ್ಮಂಥ ಶಾಖಾಹಾರಿಗಳು ಎಚ್ಚರದಿಂದ ಓದಬೇಕಾದ ಭಾಗ ಇದು. ಶಾಲೆಯ ಮಧ್ಯಾಹ್ನದ ಊಟಕ್ಕೆ ಅಲ್ಲಿ 1954ರಿಂದಲೇ ಪ್ರತ್ಯೇಕ ಕಾನೂನಿದೆ. ಟೋಕಿಯೊದ 23 ವಾರ್ಡುಗಳಲ್ಲಿ ಈಗ ಅದು ಉಚಿತವೂ ಹೌದು. ತಿಂಗಳ ಆರಂಭದಲ್ಲಿಯೇ ದಿನವಹಿ ಪಟ್ಟಿ ಮನೆಗೆ ಬರುತ್ತದೆ. ಅನ್ನ ಅಥವಾ ಬ್ರೆಡ್ಡು, ಒಂದು ಪಲ್ಯ, ಒಂದು ಸಾರು, 200 ಮಿಲಿಲೀಟರ್ ಹಾಲು. ಓದಲಿಕ್ಕೆ ಎಲ್ಲವೂ ಸಾತ್ವಿಕ. ಆದರೆ ಸಾರಿನ ತಳಹದಿಯೇ ಒಣಮೀನಿನ ರಸ, ಬರಿಯ ಪಾಲಕ್ ಪಲ್ಯದ ಮೇಲೂ ಮೀನಿನ ಹೆರಕಲು ಉದುರಿಸಿರುತ್ತಾರೆ. ಅಲರ್ಜಿ ಇದ್ದ ಮಗುವಿಗೆ ವೈದ್ಯರ ಪತ್ರದ ಮೇಲೆ ಬೇರೆ ಏರ್ಪಾಡು ಮಾಡುವ ಪದ್ಧತಿ ಇದೆ, ಆದರೆ ಶಾಖಾಹಾರ ಅಲರ್ಜಿಯಲ್ಲ. ಆದ್ದರಿಂದ ವರ್ಗಶಿಕ್ಷಕಿ, ಪೋಷಣತಜ್ಞೆ ಹಾಗೂ ನಾವಿಬ್ಬರು ಒಂದು ಸಂಜೆ ಕುಳಿತು ಪಟ್ಟಿಯ ಮೇಲೆ ಗೆರೆ ಎಳೆದೆವು: ಅನ್ನ, ಹಾಲು, ಹಣ್ಣನ್ನು ಶಾಲೆಯದೇ ತೆಗೆದುಕೊಳ್ಳುವುದು, ಉಳಿದದ್ದಕ್ಕೆ ಮನೆಯಿಂದ ಡಬ್ಬಿ ಕಳುಹಿಸುವುದು. ಇದು ಪ್ರತಿ ಶಾಲೆಯಲ್ಲಿಯೂ ಹೀಗೆಯೇ ನಡೆಯುತ್ತದೆ ಎಂದಲ್ಲ. ಶಾಲೆ ಆರಂಭವಾಗುವ ಮೊದಲೇ ಕೇಳಿದ್ದರಿಂದ ನಮಗೆ ಸಾಧ್ಯವಾಯಿತು.

ಮೊದಲ ವಾರವೇ ನಾನೊಂದು ತಪ್ಪು ಮಾಡಿದೆ. ಬಾಗಲಕೋಟೆಯಿಂದ ತಂದ ಶೇಂಗಾ ಹಿಂಡಿಯನ್ನು ಚಪಾತಿಗೆ ಸವರಿ, ಸುರುಳಿ ಸುತ್ತಿ ಡಬ್ಬಿಗೆ ಹಾಕಿದ್ದೆ. ಹನ್ನೊಂದು ಗಂಟೆಗೆಲ್ಲ ಶಾಲೆಯಿಂದ ಫೋನು ಬಂದಿತು. ಶೇಂಗಾ ಅಲ್ಲಿ ಅಲರ್ಜಿಯ ವಸ್ತುವೆಂದು ಪೊಟ್ಟಣಗಳ ಮೇಲೆ ಕಡ್ಡಾಯವಾಗಿ ಬರೆಯಬೇಕಾದ ಪದಾರ್ಥಗಳಲ್ಲೊಂದು, ಮತ್ತು ಮಗಳ ತರಗತಿಯಲ್ಲಿಯೇ ಅದು ಆಗದ ಮಗುವೊಂದು ಇತ್ತು. ಶಿಕ್ಷಕಿ ಗದರಲಿಲ್ಲ, ಬದಲಿಗೆ ಐದು ಸಲ ಕ್ಷಮೆ ಕೇಳಿದರು; ಗದರಿದ್ದರೆ ನನಗೆ ಹಗುರವಾಗುತ್ತಿತ್ತು. ಶೇಂಗಾ ಇಲ್ಲದ ಡಬ್ಬಿ ಕಟ್ಟುವುದು ಉತ್ತರ ಕರ್ನಾಟಕದ ಮನೆಗೆ ಎಂಥ ಸಂಕಟ ಎಂಬುದನ್ನು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗುರೆಳ್ಳಿನ ಹಿಂಡಿಯ ಮೊರೆ ಹೋಗಿದ್ದೇವೆ, ಅದನ್ನೂ ಶಾಲೆಗೆ ಕೇಳಿಯೇ.

ಬಡಿಸುವವರೂ ಮಕ್ಕಳೇ. ಪಾಳಿಯ ವಾರದಲ್ಲಿ ಬಿಳಿಯ ನಿಲುವಂಗಿ, ಟೊಪ್ಪಿಗೆ, ಮಾಸ್ಕು ಧರಿಸಿ, ಮಠದ ದಾಸೋಹದಲ್ಲಿ ಸೌಟು ಹಿಡಿದವರಷ್ಟೇ ಗಂಭೀರವಾಗಿ ಅಳೆದು ಬಡಿಸುತ್ತಾರೆ. ಆ ನಿಲುವಂಗಿ ಶಾಲೆಯ ಸ್ವತ್ತು. ಶುಕ್ರವಾರ ಅದು ಮನೆಗೆ ಬರುತ್ತದೆ. ಒಗೆದು, ಇಸ್ತ್ರಿ ಮಾಡಿ, ಮಡಚಿ ಸೋಮವಾರ ಒಪ್ಪಿಸಿದರೆ ಮುಂದಿನ ಮಗು ತೊಡುತ್ತದೆ. ನಮ್ಮ ಕೈಗೆ ಬಂದ ಮೊದಲ ಅಂಗಿಯ ಎರಡನೆಯ ಗುಂಡಿಯನ್ನು ಯಾರೋ ಬೇರೆ ಬಣ್ಣದ ದಾರದಿಂದ ಹಚ್ಚಿದ್ದರು. ಅದನ್ನು ನೋಡಿ, ನಮ್ಮಂತೆ ಹೊಲಿಗೆ ಬಾರದ ತಂದೆಯೊಬ್ಬ ಈ ಊರಿನಲ್ಲಿ ಇನ್ನೊಂದು ಮನೆಯಲ್ಲೂ ಇದ್ದಾನೆಂದು ಖುಷಿಯಾಯಿತು.

ದಿನವೂ ಚೀಲದಿಂದ ಕಾಗದಗಳು ಹೊರಬೀಳುತ್ತವೆ. ಫೋನಿನಲ್ಲಿ ಚಿತ್ರ ತೆಗೆದು ಅನುವಾದಿಸಿ ಓದುವುದು ನಮ್ಮ ಸಂಜೆಯ ಕೆಲಸ. ಸಂಪರ್ಕ ಪುಸ್ತಕವೆಂಬುದೊಂದು ಇರುತ್ತದೆ. ಶಿಕ್ಷಕಿ ಬರೆದದ್ದಕ್ಕೆ ನಾವು, ನಾವು ಬರೆದದ್ದಕ್ಕೆ ಅವರು ಮುದ್ರೆ ಒತ್ತುತ್ತಾರೆ. ಹೌದು, ಸಹಿಯಲ್ಲ, ಹೆಸರಿನ ಪುಟ್ಟ ಮುದ್ರೆ. ಇದರಲ್ಲಿಯೂ ಎಡವಿದೆ. ಬೇಸಿಗೆಯಲ್ಲಿ ಈಜಿನ ತರಗತಿಯ ದಿನ ಮಗುವಿನ ಮೈಬಿಸಿ ಅಳೆದು, ಕಾರ್ಡಿನಲ್ಲಿ ಬರೆದು, ಮುದ್ರೆ ಒತ್ತಿ ಕಳುಹಿಸಬೇಕು. 36.4 ಎಂದು ಬರೆದವನು ಮುದ್ರೆ ಮರೆತೆ. ಕಾರ್ಡು ಪೂರ್ಣವಾಗಿಲ್ಲದ ಮಗುವನ್ನು ನೀರಿಗೆ ಇಳಿಸುವುದಿಲ್ಲ. ಮಗಳು ಒಂದು ತಾಸು ದಂಡೆಯ ಮೇಲೆ ಕುಳಿತು ಗೆಳತಿಯರನ್ನು ನೋಡಿದಳು. ಒಂದು ಫೋನು ಮಾಡಿ ಕೇಳಬಹುದಿತ್ತಲ್ಲ ಎಂದು ನನಗೆ ಆ ದಿನ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ನಿಯಮ ಬರೆದಿಟ್ಟ ಮೇಲೆ ಮಾತಿಗೆ ಜಾಗ ಕಡಿಮೆ ಎಂಬುದು ಅಲ್ಲಿಯ ಶಾಲೆಗಳ ಬಗ್ಗೆ ನನ್ನ ತಕರಾರು.

ಕಾಯಿಲೆಯ ವಿಷಯದಲ್ಲಿ ಮಾತ್ರ ಆ ಬಿಗಿತನ ನನಗೆ ಹಿಡಿಸಿತು. ಮಗುವಿಗೆ ಇನ್‌ಫ್ಲುಯೆಂಜಾ ಬಂದರೆ, ಜ್ವರ ಆರಂಭವಾದ ದಿನವನ್ನು ಸೊನ್ನೆ ಎಂದು ಹಿಡಿದು ಐದು ದಿನಗಳು, ಜೊತೆಗೆ ಜ್ವರ ಇಳಿದ ಮೇಲೆ ಎರಡು ದಿನಗಳು ಕಳೆಯಬೇಕು. ಎರಡೂ ಪೂರ್ಣವಾದ ಮೇಲೆಯೇ ಶಾಲೆ. ಆ ದಿನಗಳನ್ನು ಗೈರುಹಾಜರಿ ಎಂದು ಬರೆಯುವುದಿಲ್ಲ. ಪೂರ್ಣ ಹಾಜರಿಯ ಬಹುಮಾನಕ್ಕಾಗಿ ಗಂಟಲು ಕಟ್ಟಿದರೂ ಶಾಲೆಗೆ ಹೋಗುತ್ತಿದ್ದ ನನಗೆ ಇದು ದೊಡ್ಡ ಸುಧಾರಣೆಯಾಗಿ ಕಂಡಿತು.

ಶಾಲೆಗೆ ಮಕ್ಕಳು ನಡೆದೇ ಹೋಗುತ್ತಾರೆ, ಶಾಲೆ ಗುರುತಿಸಿದ ದಾರಿಯಲ್ಲಿಯೇ. ಸ್ಕೂಟರಿನ ಮೇಲೆ ಮುಂದೊಬ್ಬರು ಹಿಂದಿಬ್ಬರು ಕೂತು ಹೋಗುವ ನಮ್ಮ ವಿದ್ಯಾಗಿರಿಯ ಮುಂಜಾನೆಯ ನೋಟ ಅಲ್ಲಿಲ್ಲ. ಒಂದನೆಯ ತರಗತಿಯವರ ಚೀಲಕ್ಕೆ ಹಳದಿ ಹೊದಿಕೆ ಇರುತ್ತದೆ, ವಾಹನದವರಿಗೆ ದೂರದಿಂದಲೇ ಕಾಣಲೆಂದು. ಪಾಲಕರು ಪಾಳಿಯ ಪ್ರಕಾರ ರಸ್ತೆ ದಾಟುವಲ್ಲಿ ಹಳದಿ ಬಾವುಟ ಹಿಡಿದು ನಿಲ್ಲಬೇಕು. ನನ್ನ ಪಾಳಿಯ ದಿನ ನಾನು ಬಾವುಟ ಅಡ್ಡ ಹಿಡಿದರೆ ಮಕ್ಕಳು ಒಬ್ಬೊಬ್ಬರಾಗಿ ನಮಸ್ಕರಿಸಿ ದಾಟಿದರು. ಮಗಳು ಮಾತ್ರ ಪರಿಚಯವಿಲ್ಲದವಳಂತೆ ಮುಖ ತಿರುಗಿಸಿಕೊಂಡು ಹೋದಳು.

ಭೂಕಂಪದ ಕಾರ್ಡನ್ನು ಹೇಳದೆ ಬಿಡುವಂತಿಲ್ಲ. ದೊಡ್ಡ ನಡುಕ ಬಂದರೆ ಮಕ್ಕಳನ್ನು ತಾವಾಗಿ ಮನೆಗೆ ಬಿಡುವುದಿಲ್ಲ. ಮೊದಲೇ ಬರೆದುಕೊಟ್ಟ ಕಾರ್ಡಿನಲ್ಲಿ ಹೆಸರಿರುವವರ ಕೈಗೆ ಮಾತ್ರ ಒಪ್ಪಿಸುತ್ತಾರೆ. 1923ರ ಸೆಪ್ಟೆಂಬರ್ 1ರಂದು ಟೋಕಿಯೊ, ಯೊಕೊಹಾಮಾಗಳನ್ನು ನೆಲಸಮ ಮಾಡಿದ ಭೂಕಂಪದ ನೆನಪಿನಲ್ಲಿ ಆ ದಿನದ ಆಸುಪಾಸಿನಲ್ಲಿ ತಾಲೀಮು ನಡೆಯುತ್ತದೆ, ಪಾಲಕರೂ ಹೋಗಿ ಸಾಲಿನಲ್ಲಿ ನಿಂತು ಮಗುವನ್ನು ಪಡೆಯಬೇಕು. ನಮ್ಮ ಕಾರ್ಡಿನಲ್ಲಿ ತಂದೆ, ತಾಯಿ ಎಂದು ತುಂಬಿದ ಮೇಲೆ ಮೂರನೆಯ ಸಾಲು ಖಾಲಿ ಉಳಿಯಿತು. ಊರಿನಲ್ಲಾದರೆ ಕಾಕಾ, ಸೋದರಮಾವ, ಎದುರುಮನೆಯ ಅಜ್ಜಿ ಎಂದು ಕಾರ್ಡಿನ ಹಿಂಬದಿಯೂ ಸಾಲುತ್ತಿರಲಿಲ್ಲ. ಎರಡು ದಿನ ಯೋಚಿಸಿ, ಎರಡು ನಿಲ್ದಾಣ ಆಚೆಯಿರುವ ಬೆಳಗಾವಿಯ ಕುಟುಂಬವೊಂದರ ಹೆಸರನ್ನು ಅವರ ಒಪ್ಪಿಗೆ ಪಡೆದು ಬರೆದೆವು. ಅವರ ಮಗನ ಕಾರ್ಡಿನ ಮೂರನೆಯ ಸಾಲಿನಲ್ಲಿ ಈಗ ನಾವಿದ್ದೇವೆ. ಬರುವ ಮಾರ್ಚಿಯಲ್ಲಿ ಹೊರಡುವವರಿಗೆ ನಾನು ಕಟ್ಟೆಯ ಮೇಲೆ ಕೂತು ಒತ್ತಿ ಹೇಳಿದ್ದೂ ಇದನ್ನೇ: ಆ ಮೂರನೆಯ ಸಾಲಿಗೆ ಒಂದು ಹೆಸರು ಹುಡುಕಿಟ್ಟುಕೊಳ್ಳಿ.

ಬೇಸಿಗೆ ರಜೆಗೆ ಮೊದಲು ಇನ್ನೊಂದು ಚೀಟಿ ಬಂದಿತ್ತು. ಒಂದನೆಯ ತರಗತಿಯವರು ಆಸಾಗಾವೊ ಎಂಬ, ಮುಂಜಾನೆ ಅರಳುವ ನೀಲಿ ಹೂವಿನ ಬಳ್ಳಿಯನ್ನು ತಂತಮ್ಮ ಹೆಸರಿನ ಕುಂಡದಲ್ಲಿ ಬೆಳೆಸುತ್ತಾರೆ. ರಜೆಗೆ ಆ ಕುಂಡವನ್ನು ಪಾಲಕರು ಬಂದು ಮನೆಗೆ ಒಯ್ಯಬೇಕು, ದಿನವೂ ನೀರು ಹಾಕಬೇಕು, ಹೂಗಳನ್ನು ಎಣಿಸಿ ಮಗು ವೀಕ್ಷಣೆಯ ಹಾಳೆಯಲ್ಲಿ ಬರೆಯಬೇಕು. ನಾವು ಪಂಚಮಿಗೆ ಊರಿಗೆ ಹೊರಟವರು. ಕುಂಡವನ್ನು ಕೆಳಮನೆಯ ಮುದುಕಿಯ ಬಳಿ ಬಿಟ್ಟೆವು. ಅವರು ದಿನವೂ ಫೋನಿಗೆ ಒಂದು ಚಿತ್ರ ಕಳುಹಿಸುತ್ತಾರೆ, ಮಗಳು ನವನಗರದ ಜೋಕಾಲಿಯ ಮೇಲೆ ಕುಳಿತು ಹೂ ಎಣಿಸಿ ಬರೆದುಕೊಳ್ಳುತ್ತಾಳೆ. ಹೀಗೆ ಬರೆಯುವುದು ನಿಯಮಕ್ಕೆ ಒಪ್ಪುತ್ತದೆಯೇ ಎಂದು ಹೊರಡುವ ಮೊದಲೇ ಸಂಪರ್ಕ ಪುಸ್ತಕದಲ್ಲಿ ಕೇಳಿದ್ದೆ. ಶಿಕ್ಷಕಿಯ ಉತ್ತರ ಒಂದೇ ಸಾಲಿನದಾಗಿತ್ತು: ನೀರು ಹಾಕಿದವರ ಹೆಸರನ್ನೂ ಬರೆಯಿರಿ. ಇಂದು ಹನ್ನೊಂದು ಹೂಗಳು, ಅದರ ಕೆಳಗೆ ಆ ಮುದುಕಿಯ ಹೆಸರು.