ತೆತ್ತವನಿಗೇ ನೆನಪಿಲ್ಲದ ಬೆಲೆ

ಮಾರ್ವೆಲ್ ಸಂಸ್ಥೆ 2007ರಲ್ಲಿ ಪ್ರಕಟಿಸಿದ 'ಒನ್ ಮೋರ್ ಡೇ' ಎಂಬ ಸ್ಪೈಡರ್‌ಮ್ಯಾನ್ ಕಾಮಿಕ್ಸ್ ಕಥಾಸರಣಿಯ ನಾಲ್ಕನೆಯ ಮತ್ತು ಕೊನೆಯ ಅಧ್ಯಾಯವನ್ನು ಒಪ್ಪಿಕೊಂಡ ಓದುಗರು ಕಡಿಮೆ. 1987ರಲ್ಲಿ ನಡೆದ ಪೀಟರ್ ಪಾರ್ಕರ್ (ಸ್ಪೈಡರ್‌ಮ್ಯಾನ್‌ನ ನಿಜನಾಮ) ಮತ್ತು ಮೇರಿ ಜೇನ್ ಅವರ ಮದುವೆ ಅಲ್ಲಿ ಹೇಳಹೆಸರಿಲ್ಲದಂತೆ ಅಳಿಸಿಹೋಯಿತು ಎಂಬುದೇ ಬಹುಪಾಲು ಜನರ ಸಿಟ್ಟಿಗೆ ಕಾರಣ. ಆ ಸಿಟ್ಟು ನನಗೂ ಇದೆ. ಆದರೂ ಮದುವೆ ಮುರಿಯುವ ಕಥೆಯನ್ನು ಚೆನ್ನಾಗಿ ಬರೆಯಲು ಸಾಧ್ಯವಿತ್ತು ಎಂದೇ ನಾನು ನಂಬುತ್ತೇನೆ. ನನ್ನನ್ನು ಇಂದಿಗೂ ಕಾಡುವುದು ಬೇರೆಯೇ ಸಂಗತಿ: ಹೊಣೆಗಾರಿಕೆಯೇ ಉಸಿರಾಗಿರುವ ಒಬ್ಬ ನಾಯಕನಿಂದ ಅವನ ಬದುಕಿನ ಅತ್ಯಂತ ದೊಡ್ಡ ನಿರ್ಧಾರವನ್ನು ಮಾಡಿಸಿ, ಮರುಕ್ಷಣವೇ ಆ ನಿರ್ಧಾರದ ನೆನಪನ್ನೂ ಅವನಿಂದ ಕಿತ್ತುಕೊಂಡದ್ದು.

ಕಥೆಯ ಹಿನ್ನೆಲೆ ಗಟ್ಟಿಯಾಗಿಯೇ ಇತ್ತು. 2006ರ 'ಸಿವಿಲ್ ವಾರ್' ಕಥೆಯಲ್ಲಿ ಪೀಟರ್ ಪತ್ರಕರ್ತರೆದುರು ಮುಖವಾಡ ಕಳಚಿ ತಾನು ಯಾರೆಂದು ಜಗತ್ತಿಗೆ ಹೇಳಿಕೊಳ್ಳುತ್ತಾನೆ. ಅದರ ಫಲವಾಗಿ, ಸೆರೆಮನೆಯಲ್ಲಿದ್ದ ಪಾತಕಲೋಕದ ದೊರೆ ಕಿಂಗ್‌ಪಿನ್ ಕಳುಹಿಸಿದ ಬಂಟ ಪೀಟರನಿಗೆ ಇಟ್ಟ ಗುರಿ ತಪ್ಪಿ, ಅವನನ್ನು ತಾಯಿಯಂತೆ ಸಾಕಿದ ಆಂಟ್ ಮೇಗೆ ಗುಂಡು ತಗಲುತ್ತದೆ. ತಾನು ಮಾಡಿದ ಆಯ್ಕೆಗೆ ತನ್ನವರು ಬೆಲೆ ತೆರುವುದು ಈ ಪಾತ್ರಕ್ಕೆ 1962ರಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಹಾಕಿಕೊಟ್ಟ ಅಡಿಪಾಯವೇ ಆಗಿರುವುದರಿಂದ, ಸರಣಿಯ ಮೊದಲ ಭಾಗಗಳಲ್ಲಿ ಪೀಟರ್ ನೆರವಿಗಾಗಿ ಸಿರಿವಂತ ಟೋನಿ ಸ್ಟಾರ್ಕ್ ಮತ್ತು ಮಾಂತ್ರಿಕ ಡಾಕ್ಟರ್ ಸ್ಟ್ರೇಂಜ್ ಅವರ ಬಾಗಿಲು ತಟ್ಟುವ ಪುಟಗಳಲ್ಲಿ ನಿಜವಾದ ಸಂಕಟವಿದೆ. ವೈದ್ಯಕೀಯವೂ ಮಾಂತ್ರಿಕ ವಿದ್ಯೆಯೂ ಕೈಚೆಲ್ಲಿದಾಗ ಮೆಫಿಸ್ಟೊ ಎಂಬ ಪಿಶಾಚಿ ಕಾಣಿಸಿಕೊಂಡು, ಮೇ ಬದುಕಬೇಕಾದರೆ ನಿಮ್ಮಿಬ್ಬರ ಮದುವೆಯನ್ನು ನನಗೆ ಕೊಡಿ ಎನ್ನುತ್ತಾನೆ. ಅವನಿಗೆ ಆತ್ಮ ಬೇಡ, ಒಂದು ಒಳ್ಳೆಯ ಪ್ರೀತಿ ಇಲ್ಲವಾಗುವುದನ್ನು ನೋಡುವ ಸುಖ ಬೇಕು.

ಇಲ್ಲಿಂದ ಮುಂದೆ ಕಥೆಗೆ ಎರಡು ದಾರಿಗಳಿದ್ದವು. ಪೀಟರ್ ಇದನ್ನು ನಿರಾಕರಿಸಿ ಮೇಯನ್ನು ಕಳೆದುಕೊಳ್ಳಬಹುದಿತ್ತು, ಇಲ್ಲವೇ ಒಪ್ಪಿಕೊಂಡು, ತಾನೇನು ಕಳೆದುಕೊಂಡೆನೆಂಬ ಅರಿವಿನೊಂದಿಗೆ ಉಳಿದ ಬಾಳನ್ನು ಕಳೆಯಬಹುದಿತ್ತು. 'ಅಮೇಜಿಂಗ್ ಸ್ಪೈಡರ್‌ಮ್ಯಾನ್' 545ನೇ ಸಂಚಿಕೆಯಲ್ಲಿ ಮುಗಿಯುವ ಕಥೆ ಇವೆರಡನ್ನೂ ಬಿಟ್ಟಿತು. ಗಂಡ ಹೆಂಡತಿ ಒಪ್ಪುತ್ತಾರೆ. ಅದಕ್ಕೂ ಮುಂಚೆ ಮೇರಿ ಜೇನ್ ಮೆಫಿಸ್ಟೊನ ಕಿವಿಯಲ್ಲಿ ಏನನ್ನೋ ಉಸುರುತ್ತಾಳೆ. ಹಿಂದಿನ ಭಾಗದಲ್ಲಿ ಕಂಡಿದ್ದ ಕೆಂಗೂದಲಿನ ಪುಟ್ಟ ಹುಡುಗಿ ಅವರಿಗೆ ಮುಂದೆ ಹುಟ್ಟಬೇಕಾಗಿದ್ದ ಮಗಳು ಎಂಬುದನ್ನು ಒಪ್ಪಂದ ಮುಗಿಯುವ ಹೊತ್ತಿನಲ್ಲಿ ಪಿಶಾಚಿಯೇ ಅವರಿಗೆ ತಿಳಿಸುತ್ತಾನೆ. ಇಡೀ ಸರಣಿಯಲ್ಲಿ ಎದೆ ಹಿಂಡುವ ಪುಟಗಳೆಂದರೆ ಇವೇ. ಆದರೆ ಅದರ ನೋವು ಕೆಲವೇ ಚೌಕಟ್ಟುಗಳಲ್ಲಿ ಮುಗಿದುಹೋಗುತ್ತದೆ. ಪುಟ ತಿರುಗಿಸಿದರೆ ಪೀಟರ್ ಏನೂ ಆಗದವನಂತೆ ಆಂಟ್ ಮೇ ಮನೆಯಲ್ಲಿ ನಿದ್ದೆಯಿಂದೆದ್ದು, 1993ರಲ್ಲೇ ಸತ್ತಿದ್ದ ಗೆಳೆಯ ಹ್ಯಾರಿ ಆಸ್ಬಾರ್ನ್ ಮರಳಿ ಬಂದ ಸಂತೋಷಕೂಟಕ್ಕೆ ಹೋಗುತ್ತಾನೆ. ಆಗಬೇಕಿದ್ದ ಮಗಳನ್ನು ಕಳೆದುಕೊಂಡ ತಂದೆ ಅದೇ ಸಂಚಿಕೆಯಲ್ಲಿ ಬ್ರಹ್ಮಚಾರಿಯಾಗಿ ನಗುತ್ತಿರುವುದನ್ನು ನೋಡಿದಾಗ ಓದುಗನ ದುಃಖಕ್ಕೆ ನಿಲ್ಲಲು ನೆಲೆಯೇ ಉಳಿಯುವುದಿಲ್ಲ.

1973ರಲ್ಲಿ ಬಂದ ಇದೇ ಪತ್ರಿಕೆಯ 121ನೇ ಸಂಚಿಕೆಯ ಪಕ್ಕದಲ್ಲಿಟ್ಟು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ ಖಳನಾಯಕ ಗ್ರೀನ್ ಗಾಬ್ಲಿನ್ ಸೇತುವೆಯ ಮೇಲಿಂದ ಕೆಡವಿದ ತನ್ನ ಪ್ರೇಯಸಿ ಗ್ವೆನ್ ಸ್ಟೇಸಿಯನ್ನು ಪೀಟರ್ ತನ್ನ ಬಲೆಯ ಎಳೆಯಿಂದ ಹಿಡಿಯುತ್ತಾನೆ, ಆದರೂ ಅವಳು ಉಳಿಯುವುದಿಲ್ಲ. ಅವಳ ಕತ್ತಿನ ಬಳಿ ಬರೆದ ಒಂದು ಪುಟ್ಟ ಶಬ್ದಸೂಚಕ, ಆ ಎಳೆಯ ಜಗ್ಗುವಿಕೆಯೇ ಅವಳ ಪ್ರಾಣ ತೆಗೆದಿರಬಹುದೇ ಎಂಬ ಶಂಕೆಯನ್ನು ಹುಟ್ಟಿಸುತ್ತದೆ. ಪೀಟರ್ ಅದನ್ನು ಮರೆಯಲಿಲ್ಲ, ಮರೆಯಲು ಲೇಖಕರು ಬಿಡಲಿಲ್ಲ, ಮತ್ತು ಆ ಮರೆಯದಿರುವಿಕೆಯಿಂದಲೇ ಮುಂದಿನ ಎಷ್ಟೋ ವರ್ಷಗಳ ಕಥೆಗಳು ಹುಟ್ಟಿದವು.

'ಒನ್ ಮೋರ್ ಡೇ'ಯ ಮುಕ್ತಾಯದ ಹಿಂದೆ ಸಂಪಾದಕೀಯ ನಿರ್ಧಾರವಿತ್ತು ಎಂಬುದು ಗುಟ್ಟಾಗಿ ಉಳಿದಿಲ್ಲ. ಆಗ ಮಾರ್ವೆಲ್‌ನ ಪ್ರಧಾನ ಸಂಪಾದಕರಾಗಿದ್ದ, ಈ ಸರಣಿಯ ಚಿತ್ರಗಳನ್ನೂ ಬರೆದ ಜೋ ಕೆಸಾಡಾ, ಮದುವೆಯಿಂದ ನಾಯಕನಿಗೆ ವಯಸ್ಸಾದಂತೆ ಕಾಣುತ್ತದೆ, ವಿಚ್ಛೇದನವಾದರೆ ಇನ್ನೂ ಹೆಚ್ಚು ವಯಸ್ಸಾದಂತೆ ಕಾಣುತ್ತದೆ ಎಂಬ ನಿಲುವಿನವರು. ಮಾಸಪತ್ರಿಕೆಯಾಗಿ ದಶಕಗಳ ಕಾಲ ನಡೆಯಬೇಕಾದ ಕಥೆಯ ಬಗ್ಗೆ ಸಂಪಾದಕನಿಗೆ ಇಂಥ ಚಿಂತೆ ಇರುವುದು ಸಹಜ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಕಥೆ ಬರೆದ ಜೆ. ಮೈಕೆಲ್ ಸ್ಟ್ರಾಜಿನ್‌ಸ್ಕಿ ಮಾತ್ರ ಈ ಅಂತ್ಯಕ್ಕೆ ತಮ್ಮ ಅಸಮ್ಮತಿಯನ್ನು ಬಹಿರಂಗವಾಗಿ ಹೇಳಿಕೊಂಡರು, ಕೊನೆಯ ಎರಡು ಸಂಚಿಕೆಗಳಿಂದ ತಮ್ಮ ಹೆಸರನ್ನು ತೆಗೆಯುವಂತೆ ಕೇಳಲೂ ಮುಂದಾಗಿದ್ದರು. ಮೇರಿ ಜೇನ್ ಉಸುರಿದ ಮಾತು ಏನೆಂದು ತಿಳಿಯಲು 2010ರ 'ಒನ್ ಮೊಮೆಂಟ್ ಇನ್ ಟೈಮ್' ಸರಣಿಯವರೆಗೆ ಕಾಯಬೇಕಾಯಿತು. ಪ್ರಮುಖ ಪಾತ್ರವೊಂದು ತನ್ನ ದಾಂಪತ್ಯದ ಕೊನೆಯ ಗಳಿಗೆಯಲ್ಲಿ ಆಡುವ ಮಾತನ್ನು ಓದುಗರಿಂದ ಮುಚ್ಚಿಟ್ಟು ಅದಕ್ಕೆ ಮುಕ್ತಾಯ ಎಂದು ಹೆಸರಿಡುವುದು ಸರಿಯಲ್ಲ. ಯಮನ ಬೆನ್ನುಹತ್ತಿ ನಡೆದ ಸಾವಿತ್ರಿಯ ಕಥೆಯನ್ನು ನಾವು ಮತ್ತೆ ಮತ್ತೆ ಕೇಳುವುದು ಅವಳು ಯಾವ ವರದ ನಂತರ ಯಾವ ವರವನ್ನು ಕೇಳಿದಳು, ಯಮ ಎಲ್ಲಿ ಮಾತಿಗೆ ಸಿಕ್ಕಿಬಿದ್ದ ಎಂಬುದನ್ನು ಕೇಳುವ ಆಸೆಗಾಗಿಯೇ ಅಲ್ಲವೇ?

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ನೋಯಿಸುವುದು ಆಂಟ್ ಮೇಗೆ ಆದ ಅನ್ಯಾಯ. ಇದೇ ಸ್ಟ್ರಾಜಿನ್‌ಸ್ಕಿ 2001ರಲ್ಲಿ ಈ ಪತ್ರಿಕೆಯ ಬರವಣಿಗೆಯನ್ನು ಕೈಗೆತ್ತಿಕೊಂಡ ಮೇಲೆ, ಮೈಯೆಲ್ಲ ಗಾಯವಾಗಿ ಮಲಗಿದ್ದ ಪೀಟರನನ್ನೂ ಹರಿದ ವೇಷವನ್ನೂ ಮೇ ಕಣ್ಣಾರೆ ನೋಡುವಂತೆ ಮಾಡಿದ್ದರು. ಆಮೇಲೆ ಬಂದ 38ನೇ ಸಂಚಿಕೆಯ (ಆಗ ಪತ್ರಿಕೆಯ ಎಣಿಕೆ ಹೊಸದಾಗಿ ಶುರುವಾಗಿತ್ತು) ತುಂಬ ಇಬ್ಬರ ಮಾತುಕತೆಯೇ ಇದೆ. ತಾನು ಕಳ್ಳನನ್ನು ತಡೆಯದೆ ಬಿಟ್ಟದ್ದರಿಂದ ಮೇಯ ಗಂಡ ಬೆನ್ ಸತ್ತನೆಂದು ಪೀಟರ್ ಒಪ್ಪಿಕೊಳ್ಳುತ್ತಾನೆ. ಆ ರಾತ್ರಿ ತನಗೂ ಬೆನ್‌ಗೂ ಜಗಳವಾಗಿದ್ದರಿಂದಲೇ ಬೆನ್ ಮನೆಯಿಂದ ಹೊರಗೆ ಹೋದದ್ದು, ಅಷ್ಟು ವರ್ಷ ಆ ಪಾಪವನ್ನು ತಾನೂ ಹೊತ್ತಿದ್ದೆ ಎಂದು ಮೇ ಹೇಳುತ್ತಾಳೆ. ಇಬ್ಬರೂ ಒಬ್ಬರಿಗೊಬ್ಬರು ಹೆಗಲಾದ ಆ ಮಾತುಕತೆಯ ನೆನಪೂ ಮೆಫಿಸ್ಟೊನ ಒಪ್ಪಂದದಲ್ಲಿ ಕೊಚ್ಚಿಹೋಯಿತು. ಪೀಟರ್ ಯಾರೆಂದು ತಿಳಿದು ಅವನನ್ನು ಬಿಗಿದಪ್ಪಿದ ಆ ಮುದುಕಿಯೂ ಆ ಮಧ್ಯರಾತ್ರಿ ಇಲ್ಲವಾದಳು. ಅವಳ ಹೆಸರಿನಲ್ಲಿ ನಡೆದ ವ್ಯಾಪಾರದಲ್ಲಿ ಅವಳ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ, 38ನೇ ಸಂಚಿಕೆಯ ಮೇ ಇಂಥ ಬೆಲೆಗೆ ತನ್ನ ಪ್ರಾಣ ಉಳಿಸಿಕೊಳ್ಳಲು ಖಂಡಿತ ಒಪ್ಪುತ್ತಿರಲಿಲ್ಲ.