ಕೊಲೆಸ್ಟ್ರಾಲ್ ಮಾತ್ರೆಯ ಜೊತೆಗೆ ಇನ್ನೊಂದು ಮಾತ್ರೆ

ನಾಲ್ಕು ವರ್ಷಗಳಿಂದ ದಿನವೂ ರಾತ್ರಿ 20 ಮಿಲಿಗ್ರಾಂನ ಅಟೋರ್ವಸ್ಟ್ಯಾಟಿನ್ ಎಂಬ, ಸ್ಟ್ಯಾಟಿನ್ ಗುಂಪಿನ ಕೊಲೆಸ್ಟ್ರಾಲ್ ಮಾತ್ರೆಯನ್ನು ತೆಗೆದುಕೊಳ್ಳುತ್ತಿರುವವನು ನಾನು. ಕಳೆದ ವರ್ಷ ಅದಕ್ಕೆ ಟಡಾಲಫಿಲ್ ಎಂಬ ಇನ್ನೊಂದು ಮಾತ್ರೆ ಸೇರಿಕೊಂಡಿತು. ನಿಮಿರು ದೌರ್ಬಲ್ಯಕ್ಕೆ ಕೊಡುವ ಔಷಧ ಅದು. ಈ ತೊಂದರೆಗೆ ನಮ್ಮ ಭಾಷೆಯಲ್ಲಿ ಹಿಂದಿನಿಂದ ಬಳಕೆಯಲ್ಲಿರುವ ಪದಗಳೆಲ್ಲ ಕಾಯಿಲೆಯ ಹೆಸರಿನಂತಿರದೆ ಬೈಗುಳದಂತಿರುವುದರಿಂದ, ಡಾಕ್ಟರ ಮುಂದೆ ಬಾಯಿ ಬಿಡುವುದಕ್ಕೇ ನನಗೆ ಒಂದೂವರೆ ವರ್ಷ ಹಿಡಿದಿತ್ತು. ಆದರೆ ಈಗ ಬರೆಯಹೊರಟಿರುವುದು ಆ ಸಂಕೋಚದ ಕಥೆಯನ್ನಲ್ಲ, ಮಾತ್ರೆ ಸೇರಿದ ಮೇಲೆ ನಾನು ಮಾಡಿಕೊಂಡ ಒಂದು ತಪ್ಪಿನ ಬಗ್ಗೆ.

ಮೊದಲ ಬಾರಿ ಟಡಾಲಫಿಲ್ ತೆಗೆದುಕೊಂಡ ಮರುದಿನ ಮಧ್ಯಾಹ್ನದ ಹೊತ್ತಿಗೆ ಸೊಂಟವೂ ತೊಡೆಗಳೂ ಯಾರೋ ಗುದ್ದಿದಂತೆ ನೋಯತೊಡಗಿದವು. ಸ್ಟ್ಯಾಟಿನ್ ಗುಂಪಿನ ಔಷಧಗಳಿಂದ ಸ್ನಾಯುನೋವು ಬರಬಹುದೆಂದು ಓದಿದ್ದೆ. ಎರಡೂ ಔಷಧಗಳು ಲಿವರ್‌ನಲ್ಲಿ ಒಂದೇ ದಾರಿಯಲ್ಲಿ ಸಾಗುತ್ತವೆ ಎಂದೂ ಎಲ್ಲೋ ಓದಿದ್ದೆ. ಈ ಎರಡು ಅರ್ಧ ತಿಳಿವಳಿಕೆಗಳನ್ನು ಜೋಡಿಸಿ, ಹೊಸ ಮಾತ್ರೆ ಹಳೆಯದನ್ನು ಕೆರಳಿಸಿದೆ ಎಂದು ನಾನೇ ತೀರ್ಮಾನಿಸಿ, ಯಾರನ್ನೂ ಕೇಳದೆ ಅಟೋರ್ವಸ್ಟ್ಯಾಟಿನ್ ಅನ್ನು ನಿಲ್ಲಿಸಿಬಿಟ್ಟೆ. ಹನ್ನೊಂದು ದಿನಗಳ ನಂತರ ಎರಡನೆಯ ಬಾರಿ ಟಡಾಲಫಿಲ್ ತೆಗೆದುಕೊಂಡಾಗ ಅದೇ ನೋವು ಅದೇ ಹೊತ್ತಿಗೆ ಮತ್ತೆ ಬಂತು, ಆದರೆ ಆಗ ನನ್ನ ಮೈಯಲ್ಲಿ ಸ್ಟ್ಯಾಟಿನ್ ಇರಲೇ ಇಲ್ಲ. ಅಟೋರ್ವಸ್ಟ್ಯಾಟಿನ್‌ನ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಬೇಕಾದ ಸಮಯ, ಸುಮಾರು 14 ಗಂಟೆ ಮಾತ್ರ. ಹನ್ನೊಂದು ದಿನಗಳಲ್ಲಿ ಅದರ ಸುಳಿವೂ ಉಳಿದಿರಲಾರದು.

ಡಾಕ್ಟರು ನನ್ನ ಲೆಕ್ಕಾಚಾರವನ್ನು ಕೇಳಿ ನಗಲಿಲ್ಲ, ಆದರೆ ಸ್ಟ್ಯಾಟಿನ್ ನಿಲ್ಲಿಸಿದ್ದಕ್ಕೆ ಬೇಸರಪಟ್ಟುಕೊಂಡರು. ಟಡಾಲಫಿಲ್ ತಾನೊಂದೇ ಇದ್ದರೂ ಕೆಲವರಲ್ಲಿ ಬೆನ್ನುನೋವನ್ನೂ ಸ್ನಾಯುನೋವನ್ನೂ ತರುತ್ತದೆ. ಸಾಮಾನ್ಯವಾಗಿ ಮಾತ್ರೆ ನುಂಗಿದ 12ರಿಂದ 24 ಗಂಟೆಗಳಲ್ಲಿ ಶುರುವಾಗಿ, 48 ಗಂಟೆಗಳೊಳಗೆ ತಾನಾಗಿ ಇಳಿದುಹೋಗುತ್ತದೆ. ಸ್ಟ್ಯಾಟಿನ್‌ನಿಂದ ಬರುವ ನೋವಿನ ನಡೆ ಬೇರೆ. ಅದು ಹೆಚ್ಚಾಗಿ ಔಷಧ ಆರಂಭಿಸಿದ ಅಥವಾ ಅದರ ಪ್ರಮಾಣ ಏರಿಸಿದ ಮೊದಲ ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ಕಾಣಿಸಿಕೊಳ್ಳುತ್ತದೆ, ಎರಡೂ ತೊಡೆಗಳಲ್ಲಿ ಅಥವಾ ಎರಡೂ ಭುಜಗಳಲ್ಲಿ ಸಮನಾಗಿರುತ್ತದೆ, ಮಾತ್ರೆ ಮುಂದುವರಿದಷ್ಟು ದಿನವೂ ಮುಂದುವರಿಯುತ್ತದೆ. ಹೀಗೆ ಬಂದು ಹಾಗೆ ಹೋಗುವುದಿಲ್ಲ. ಅನುಮಾನವಿದ್ದರೆ ರಕ್ತದಲ್ಲಿ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವದ ಮಟ್ಟವನ್ನು ನೋಡಿದರೆ ಸ್ನಾಯುವಿಗೆ ನಿಜವಾಗಿಯೂ ಪೆಟ್ಟಾಗಿದೆಯೇ ಎಂಬುದು ತಿಳಿಯುತ್ತದೆ. ನನ್ನದು ಸಹಜ ಮಿತಿಯಲ್ಲೇ ಇತ್ತು.

ಸ್ಟ್ಯಾಟಿನ್ ತೆಗೆದುಕೊಳ್ಳುವವರು ಯಾವ ನೋವು ಬಂದರೂ ಅದರ ತಲೆಗೇ ಕಟ್ಟುತ್ತಾರೆ ಎಂಬುದಕ್ಕೆ ಪುರಾವೆಯೂ ಇದೆ. 2020ರಲ್ಲಿ ಪ್ರಕಟವಾದ ಸ್ಯಾಮ್ಸನ್ ಎಂಬ ಬ್ರಿಟಿಷ್ ಅಧ್ಯಯನದಲ್ಲಿ, ಅಡ್ಡಪರಿಣಾಮಗಳ ಕಾರಣಕ್ಕೆ ಸ್ಟ್ಯಾಟಿನ್ ಬಿಟ್ಟಿದ್ದ 60 ಜನರಿಗೆ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಔಷಧವಿಲ್ಲದ ಹುಸಿ ಮಾತ್ರೆ, ಕೆಲವು ತಿಂಗಳು ಏನೂ ಇಲ್ಲದಂತೆ ಕೊಟ್ಟು ನೋಡಿದರು. ಸ್ಟ್ಯಾಟಿನ್ ತಿಂಗಳುಗಳಲ್ಲಿ ಅವರು ಹೇಳಿಕೊಂಡ ತೊಂದರೆಯ ಸುಮಾರು 90 ಶೇಕಡಾ ಭಾಗ ಹುಸಿ ಮಾತ್ರೆಯ ತಿಂಗಳುಗಳಲ್ಲೂ ಕಾಣಿಸಿಕೊಂಡಿತು. ಅವರ ನೋವು ಸುಳ್ಳಾಗಿರಲಿಲ್ಲ. ಅದರ ಕಾರಣವೆಂದು ಅವರು ತಿಳಿದದ್ದು ಮಾತ್ರ ತಪ್ಪಾಗಿತ್ತು. ನನ್ನ ಹನ್ನೊಂದು ದಿನಗಳೂ ಅದೇ ಜಾತಿಗೆ ಸೇರಿದವು.

ಹಾಗಾದರೆ ಲಿವರ್‌ನ ಆ ಒಂದೇ ದಾರಿಯ ಮಾತು ಸುಳ್ಳೇ ಎಂದರೆ, ಅದೂ ಅಲ್ಲ. ಸಿವೈಪಿ3ಎ4 ಎಂಬ ಕಿಣ್ವ ನಾವು ನುಂಗುವ ಬಹಳಷ್ಟು ಔಷಧಗಳನ್ನು ಕರುಳಿನಲ್ಲೂ ಲಿವರ್‌ನಲ್ಲೂ ಒಡೆದು ಹೊರಹಾಕಲು ಅಣಿಮಾಡುತ್ತದೆ. ನಿಮಿರು ದೌರ್ಬಲ್ಯದ ಮಾತ್ರೆಗಳಾದ ಸಿಲ್ಡೆನಾಫಿಲ್, ಟಡಾಲಫಿಲ್, ವಾರ್ಡೆನಾಫಿಲ್, ಅವಾನಾಫಿಲ್ ಈ ನಾಲ್ಕೂ ಮುಖ್ಯವಾಗಿ ಇದೇ ಕಿಣ್ವದ ಕೈಯಲ್ಲಿ ಕರಗುತ್ತವೆ. ಸ್ಟ್ಯಾಟಿನ್‌ಗಳಲ್ಲಿ ಸಿಮ್ವಸ್ಟ್ಯಾಟಿನ್, ಲೋವಸ್ಟ್ಯಾಟಿನ್, ಅಟೋರ್ವಸ್ಟ್ಯಾಟಿನ್ ಇದನ್ನು ನೆಚ್ಚಿಕೊಂಡಿವೆ. ರೋಸುವಸ್ಟ್ಯಾಟಿನ್, ಪ್ರವಸ್ಟ್ಯಾಟಿನ್, ಪಿಟವಸ್ಟ್ಯಾಟಿನ್‌ಗಳಿಗೆ ಇದರ ಹಂಗು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಒಂದೇ ಬಾಗಿಲಿನಿಂದ ಇಬ್ಬರು ಹೊರಗೆ ಹೋಗುವುದು ಬೇರೆ, ಒಬ್ಬ ಬಾಗಿಲಿಗೆ ಅಡ್ಡ ನಿಂತು ಇನ್ನೊಬ್ಬನನ್ನು ತಡೆಯುವುದು ಬೇರೆ. ವಾಡಿಕೆಯ ಪ್ರಮಾಣದಲ್ಲಿ ಸಿಲ್ಡೆನಾಫಿಲ್ ಆಗಲಿ ಟಡಾಲಫಿಲ್ ಆಗಲಿ ಈ ಕಿಣ್ವವನ್ನು ಹೇಳಿಕೊಳ್ಳುವಷ್ಟು ತಡೆಯುವುದಿಲ್ಲ, ಸ್ಟ್ಯಾಟಿನ್‌ಗಳೂ ಅವುಗಳನ್ನು ತಡೆಯುವುದಿಲ್ಲ. ಆದ್ದರಿಂದಲೇ ಲೆಕ್ಕವಿಲ್ಲದಷ್ಟು ಗಂಡಸರಿಗೆ ಈ ಎರಡೂ ಬಗೆಯ ಮಾತ್ರೆಗಳನ್ನು ವೈದ್ಯರು ಒಟ್ಟಿಗೆ ಬರೆದುಕೊಡುತ್ತಾರೆ.

ಬಾಗಿಲಿಗೆ ಅಡ್ಡ ನಿಲ್ಲುವುದು ಮೂರನೆಯವನು, ಮತ್ತು ನಾವು ಡಾಕ್ಟರಿಗೆ ಹೇಳಲು ಮರೆಯುವುದೂ ಅವನನ್ನೇ. ಗಂಟಲು ನೋವಿಗೋ ಕೆಮ್ಮಿಗೋ ಐದು ದಿನದ ಮಟ್ಟಿಗೆ ಕೊಡುವ ಕ್ಲಾರಿಥ್ರೋಮೈಸಿನ್ ಅಥವಾ ಎರಿಥ್ರೋಮೈಸಿನ್, ಶಿಲೀಂಧ್ರದ ಸೋಂಕಿಗೆ ಕೊಡುವ ಇಟ್ರಾಕೊನಜೋಲ್ ಮತ್ತು ಕೀಟೊಕೊನಜೋಲ್, ಎಚ್ಐವಿ ಚಿಕಿತ್ಸೆಯಲ್ಲೂ ಕೋವಿಡ್‌ಗೆ ಕೊಡುವ ಒಂದು ಜೋಡಿ ಮಾತ್ರೆಯಲ್ಲೂ ಇರುವ ರಿಟೊನಾವಿರ್ ಇವೆಲ್ಲ ಈ ಕಿಣ್ವವನ್ನು ಕಟ್ಟಿಹಾಕುತ್ತವೆ. ರಿಟೊನಾವಿರ್ ಜೊತೆಯಲ್ಲಿದ್ದಾಗ ರಕ್ತದಲ್ಲಿ ಸಿಲ್ಡೆನಾಫಿಲ್‌ನ ಒಟ್ಟು ಪ್ರಮಾಣ ಸುಮಾರು 11 ಪಟ್ಟಾಗುತ್ತದೆ. ಹಾಗಾಗಿಯೇ ಅಂಥವರು 48 ಗಂಟೆಗಳಲ್ಲಿ 25 ಮಿಲಿಗ್ರಾಂ ಮೀರಬಾರದೆಂಬ ನಿಯಮವಿದೆ. ಸಿಮ್ವಸ್ಟ್ಯಾಟಿನ್ ತೆಗೆದುಕೊಳ್ಳುವವರಿಗೆ ಕ್ಲಾರಿಥ್ರೋಮೈಸಿನ್ ಕೊಡುವಂತೆಯೇ ಇಲ್ಲ, ಏಕೆಂದರೆ ಸ್ಟ್ಯಾಟಿನ್‌ನ ಮಟ್ಟ ಏರಿ ಸ್ನಾಯುಗಳು ಕರಗುವ ರ‍್ಯಾಬ್ಡೋಮಯೋಲಿಸಿಸ್ ಎಂಬ ಸ್ಥಿತಿ ಉಂಟಾಗಿ ಕಿಡ್ನಿ ಕೆಡಬಹುದು. ಎರಡೂ ಬಗೆಯ ಮಾತ್ರೆಗಳನ್ನು ತೆಗೆದುಕೊಳ್ಳುವವನ ಮೈಯಲ್ಲಿ ಈ ಮೂರನೆಯದು ಸೇರಿದರೆ ಒಂದೇ ಏಟಿಗೆ ಎರಡರ ಮಟ್ಟವೂ ಏರುತ್ತದೆ: ಒಂದು ರಕ್ತದೊತ್ತಡವನ್ನು ಇಳಿಸುತ್ತದೆ, ಇನ್ನೊಂದು ಸ್ನಾಯುವಿಗೆ ಕೈಹಾಕುತ್ತದೆ. ಮೂತ್ರ ಕಾಫಿಯ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ, ಸ್ನಾಯುಗಳಲ್ಲಿ ಸುಸ್ತು ಮತ್ತು ತೀವ್ರ ನೋವು ಕಂಡರೆ ಅದು ಕಾಯುವ ಹೊತ್ತಲ್ಲ.

ಗ್ರೇಪ್‌ಫ್ರೂಟ್ ರಸವೂ ಇದೇ ಕಿಣ್ವವನ್ನು ಕರುಳಿನಲ್ಲಿ ಕೆಡಿಸುತ್ತದೆ. ಇಲ್ಲೊಂದು ಭಾಷೆಯ ತಕರಾರು. ಕನ್ನಡದ ಆರೋಗ್ಯ ಬರಹಗಳಲ್ಲಿ ಈ ಹಣ್ಣನ್ನು ದ್ರಾಕ್ಷಿ ಎಂದು ಅನುವಾದಿಸಿರುವುದನ್ನು ನೋಡಿದ್ದೇನೆ. ದ್ರಾಕ್ಷಿಗೂ ಇದಕ್ಕೂ ಸಂಬಂಧವಿಲ್ಲ. ಗ್ರೇಪ್‌ಫ್ರೂಟ್ ನಿಂಬೆ ಕಿತ್ತಳೆಗಳ ಕುಲದ ದೊಡ್ಡ ಹುಳಿಹಣ್ಣು, ಚಕ್ಕೋತದ ನೆಂಟ. ಚಕ್ಕೋತದಲ್ಲೂ ಇದೇ ಬಗೆಯ ರಾಸಾಯನಿಕಗಳಿವೆ. ಆ ಅನುವಾದವನ್ನು ನಂಬಿದವರು ದ್ರಾಕ್ಷಿಯನ್ನು ಬಿಟ್ಟು ಚಕ್ಕೋತವನ್ನು ತಿನ್ನುತ್ತಿರಬಹುದು.

ಇಷ್ಟೆಲ್ಲ ಹೇಳಿದರೂ ನಿಜವಾಗಿ ಜೀವಕ್ಕೆ ಅಪಾಯ ತರುವ ಜೋಡಿಯಲ್ಲಿ ಕೊಲೆಸ್ಟ್ರಾಲ್ ಔಷಧವಿಲ್ಲ. ಅಲ್ಲಿರುವುದು ನೈಟ್ರೇಟ್. ಕೊಲೆಸ್ಟ್ರಾಲ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಹಲವರಿಗೆ ಹೃದಯದ ಕಾಯಿಲೆಯೂ ಇರುತ್ತದೆ, ಅವರ ಜೇಬಿನಲ್ಲಿ ಎದೆನೋವಿಗೆ ನಾಲಿಗೆಯಡಿ ಇಟ್ಟುಕೊಳ್ಳುವ ಮಾತ್ರೆಯೂ ಇರುತ್ತದೆ. ಹಾಗಾಗಿ ಈ ಮಾತನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ನೈಟ್ರೋಗ್ಲಿಸರಿನ್, ಐಸೋಸಾರ್ಬೈಡ್‌ನಂಥ ನೈಟ್ರೇಟ್‌ಗಳು ಮೈಯಲ್ಲಿ ನೈಟ್ರಿಕ್ ಆಕ್ಸೈಡ್ ಅನ್ನು ಹೆಚ್ಚಿಸುತ್ತವೆ, ಅದು ಸಿಜಿಎಂಪಿ ಎಂಬ ಅಣುವನ್ನು ಹೆಚ್ಚಿಸುತ್ತದೆ, ಆ ಅಣು ರಕ್ತನಾಳದ ಗೋಡೆಯನ್ನು ಸಡಿಲಿಸುತ್ತದೆ. ಸಿಲ್ಡೆನಾಫಿಲ್ ಗುಂಪಿನ ಔಷಧಗಳು ಮಾಡುವ ಕೆಲಸವೆಂದರೆ ಅದೇ ಅಣುವನ್ನು ಒಡೆಯುವ ಕಿಣ್ವವನ್ನು ತಡೆಯುವುದು. ನಲ್ಲಿಯನ್ನು ಪೂರ್ತಿ ತಿರುಗಿಸಿ ಬಚ್ಚಲ ತೂಬನ್ನು ಮುಚ್ಚಿದಂತೆ, ಎರಡೂ ಸೇರಿದಾಗ ರಕ್ತದೊತ್ತಡ ತಡೆಯಿಲ್ಲದೆ ಕುಸಿಯುತ್ತದೆ. ನಿಕೊರಾಂಡಿಲ್‌ಗೂ ಶ್ವಾಸಕೋಶದ ರಕ್ತದೊತ್ತಡಕ್ಕೆ ಕೊಡುವ ರಿಯೊಸಿಗ್ವಾಟ್‌ಗೂ ಇದೇ ನಿಷೇಧ ಅನ್ವಯಿಸುತ್ತದೆ. ಸಿಲ್ಡೆನಾಫಿಲ್ ತೆಗೆದುಕೊಂಡ ಮೇಲೆ ಕನಿಷ್ಠ 24 ಗಂಟೆ, ಟಡಾಲಫಿಲ್ ತೆಗೆದುಕೊಂಡ ಮೇಲೆ ಕನಿಷ್ಠ 48 ಗಂಟೆ ನೈಟ್ರೇಟ್ ಕೊಡಬಾರದು. ಟಡಾಲಫಿಲ್‌ನ ಅರ್ಧಾಯುಷ್ಯ ಸುಮಾರು 17.5 ಗಂಟೆಯಾಗಿರುವುದೇ ಈ ವ್ಯತ್ಯಾಸಕ್ಕೆ ಕಾರಣ. ನೈಟ್ರಿಕ್ ಆಕ್ಸೈಡ್‌ನ ಈ ಕೆಲಸವನ್ನು ಕಂಡುಕೊಂಡ ಮೂವರಿಗೆ ನೊಬೆಲ್ ಪ್ರಶಸ್ತಿ ಬಂದದ್ದು 1998ರಲ್ಲಿ, ಸಿಲ್ಡೆನಾಫಿಲ್ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದದ್ದೂ ಅದೇ ವರ್ಷ. ಮೂಲತಃ ಎದೆನೋವಿಗೆಂದು ಪರೀಕ್ಷಿಸಲಾಗುತ್ತಿದ್ದ ಆ ಔಷಧ ಈಗ ಎದೆನೋವಿನ ಮಾತ್ರೆಯ ಜೊತೆಗೇ ಸೇರಬಾರದ್ದಾಗಿದೆ.

ಬಿಪಿ ಮಾತ್ರೆಗಳ ವಿಷಯ ಇಷ್ಟು ಕಠಿಣವಲ್ಲ. ಅಮ್ಲೋಡಿಪಿನ್ ಜೊತೆ ಸಿಲ್ಡೆನಾಫಿಲ್ ಸೇರಿದಾಗ ರಕ್ತದೊತ್ತಡದ ಮೇಲಿನ ಅಂಕಿ ಸರಾಸರಿ ಇನ್ನೂ 8ರಷ್ಟು, ಕೆಳಗಿನದು 7ರಷ್ಟು ಇಳಿಯುವುದು ಕಂಡುಬಂದಿದೆ. ಬಹುಪಾಲು ಜನರಿಗೆ ಅದು ಗೊತ್ತೂ ಆಗುವುದಿಲ್ಲ. ಅದೇ ಅಮ್ಲೋಡಿಪಿನ್ ಇದ್ದಾಗ ಸಿಮ್ವಸ್ಟ್ಯಾಟಿನ್ ದಿನಕ್ಕೆ 20 ಮಿಲಿಗ್ರಾಂ ಮೀರಬಾರದೆಂಬುದನ್ನು ಮಾತ್ರ ನೆನಪಿಡಬೇಕು. ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್‌ನಂಥ ಆಲ್ಫಾ ತಡೆ ಔಷಧಗಳಿದ್ದರೆ ಎದ್ದು ನಿಂತಾಗ ತಲೆ ಸುತ್ತಬಹುದಾದ್ದರಿಂದ ಕಡಿಮೆ ಪ್ರಮಾಣದಿಂದ ಆರಂಭಿಸುತ್ತಾರೆ.

ಸ್ಟ್ಯಾಟಿನ್ ಅಲ್ಲದ ಕೊಲೆಸ್ಟ್ರಾಲ್ ಔಷಧಗಳಲ್ಲಿ ಎಜೆಟಿಮೈಬ್ ಆಗಲಿ, ಚುಚ್ಚುಮದ್ದಾಗಿ ಬರುವ ಪಿಸಿಎಸ್‌ಕೆ9 ತಡೆ ಔಷಧಗಳಾಗಲಿ ಸಿವೈಪಿ3ಎ4 ಕಿಣ್ವದ ದಾರಿಗೇ ಬರುವುದಿಲ್ಲ. ಪುಡಿಯಾಗಿ ಬರುವ ಕೊಲೆಸ್ಟೈರಮೀನ್ ಹೊಟ್ಟೆಯಲ್ಲಿ ಇತರ ಔಷಧಗಳನ್ನು ಅಂಟಿಸಿಕೊಳ್ಳುವ ಗುಣದ್ದು, ಆದ್ದರಿಂದ ಬೇರೆ ಯಾವ ಮಾತ್ರೆಯನ್ನಾದರೂ ಅದಕ್ಕಿಂತ ಒಂದು ಗಂಟೆ ಮೊದಲು ಅಥವಾ ನಾಲ್ಕರಿಂದ ಆರು ಗಂಟೆ ನಂತರ ತೆಗೆದುಕೊಳ್ಳಬೇಕು. ಜೆಮ್‌ಫೈಬ್ರೊಜಿಲ್‌ನ ಜಗಳ ಸ್ಟ್ಯಾಟಿನ್ ಜೊತೆಗೇ ಹೊರತು ನಿಮಿರಿನ ಮಾತ್ರೆಯ ಜೊತೆಗಲ್ಲ.

ನನ್ನನ್ನು ಹೆಚ್ಚು ದಿಗಿಲುಗೊಳಿಸಿದ್ದು ಬೇರೆ. ನಾಚಿಕೆಯ ಒಂದೂವರೆ ವರ್ಷದಲ್ಲಿ, ಪೂರ್ತಿ ಗಿಡಮೂಲಿಕೆಯದು ಎಂದು ಹೇಳಿಕೊಳ್ಳುವ ಕ್ಯಾಪ್ಸೂಲ್‌ಗಳನ್ನು ನಾನು ಎರಡು ತಿಂಗಳು ನುಂಗಿದ್ದೆ. ಇಂಥ ಪುರುಷಶಕ್ತಿಯ ಪದಾರ್ಥಗಳಲ್ಲಿ ಲೇಬಲ್ ಮೇಲೆ ಬರೆಯದ ಸಿಲ್ಡೆನಾಫಿಲ್ ಅಥವಾ ಟಡಾಲಫಿಲ್ ಬೆರೆತಿರುವುದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮತ್ತೆ ಮತ್ತೆ ಪತ್ತೆಹಚ್ಚಿದೆ. ಕೊಲೆಸ್ಟ್ರಾಲ್‌ಗೆ ಸಹಜ ಮದ್ದೆಂದು ಮಾರುವ ಕೆಂಪು ಯೀಸ್ಟ್ ಅಕ್ಕಿಯಲ್ಲೂ ಮೊನಾಕೊಲಿನ್ ಕೆ ಎಂಬ ವಸ್ತುವಿದ್ದು, ರಾಸಾಯನಿಕವಾಗಿ ಅದು 1987ರಲ್ಲಿ ಮೊದಲ ಸ್ಟ್ಯಾಟಿನ್ ಆಗಿ ಮಾರುಕಟ್ಟೆಗೆ ಬಂದ ಲೋವಸ್ಟ್ಯಾಟಿನ್ನೇ. ಔಷಧ ಬೇಡವೆಂದು ಈ ಎರಡನ್ನೂ ಆರಿಸಿಕೊಂಡವನು ಪ್ರಮಾಣ ಗೊತ್ತಿಲ್ಲದ ಅದೇ ಎರಡು ಔಷಧಗಳನ್ನು, ವೈದ್ಯರ ಚೀಟಿಯಿಲ್ಲದೆ ನುಂಗುತ್ತಿರಬಹುದು. ಯಾರಾದರೂ ಅವನಿಗೆ ನೈಟ್ರೇಟ್ ಕೊಡುವ ಮುನ್ನ ನಿಮಿರಿನ ಮಾತ್ರೆ ತೆಗೆದುಕೊಂಡಿದ್ದೀರಾ ಎಂದು ಕೇಳಿದರೆ ಅವನು ಪ್ರಾಮಾಣಿಕವಾಗಿಯೇ ಇಲ್ಲ ಎನ್ನುತ್ತಾನೆ.

ಸ್ಟ್ಯಾಟಿನ್ನೇ ಈ ದೌರ್ಬಲ್ಯಕ್ಕೆ ಕಾರಣವೇ ಎಂದೂ ಡಾಕ್ಟರನ್ನು ಕೇಳಿದ್ದೆ. ಅಲ್ಲೊಂದು ಇಲ್ಲೊಂದು ಅಂಥ ದೂರುಗಳಿವೆ, ಆದರೆ 2014ರಲ್ಲಿ ಹನ್ನೊಂದು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯಲ್ಲಿ ಸ್ಟ್ಯಾಟಿನ್ ತೆಗೆದುಕೊಂಡ ಗಂಡಸರಲ್ಲಿ ನಿಮಿರುವಿಕೆಯನ್ನು ಅಳೆಯುವ ಪ್ರಶ್ನಾವಳಿಯ ಅಂಕ ಸರಾಸರಿ 3.4ರಷ್ಟು ಹೆಚ್ಚಿತ್ತು. ಟಡಾಲಫಿಲ್‌ನಷ್ಟು ಪರಿಣಾಮವಲ್ಲ, ಆದರೆ ದಿಕ್ಕು ಒಳ್ಳೆಯದೇ. ಇದರಲ್ಲಿ ಅಚ್ಚರಿಯೇನಿಲ್ಲ, ಎರಡೂ ತೊಂದರೆಗಳ ಬೇರು ರಕ್ತನಾಳದ ಒಳಪದರದಲ್ಲಿದೆ. ಶಿಶ್ನದ ರಕ್ತನಾಳಗಳ ಅಗಲ ಒಂದೆರಡು ಮಿಲಿಮೀಟರ್, ಹೃದಯದ ರಕ್ತನಾಳಗಳದು ಮೂರು ನಾಲ್ಕು ಮಿಲಿಮೀಟರ್. ಕೊಬ್ಬು ಕಟ್ಟತೊಡಗಿದಾಗ ಕಿರಿದಾದುದೇ ಮೊದಲು ದೂರುತ್ತದೆ, ಎದೆನೋವು ಕಾಣಿಸುವುದು ಎಷ್ಟೋ ವೇಳೆ ಅದಾದ ಎರಡು ಮೂರು ವರ್ಷಗಳ ಮೇಲೆ. ಹಾಗಾಗಿ ನನ್ನ ಡಾಕ್ಟರು ಟಡಾಲಫಿಲ್ ಬರೆಯುವ ಮುನ್ನ ಇಸಿಜಿ ಮಾಡಿಸಿದರು, ಸಕ್ಕರೆಯನ್ನೂ ನೋಡಿಸಿದರು, ಎರಡು ಮಹಡಿ ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತದೆಯೇ ಎಂದು ವಿಚಾರಿಸಿದರು. ನಾಚಿಕೆಯಿಂದ ಮಾತ್ರೆಯನ್ನು ಗುಟ್ಟಾಗಿ ತರಿಸಿಕೊಂಡಿದ್ದರೆ ಈ ಪ್ರಶ್ನೆಗಳನ್ನು ಯಾರೂ ಕೇಳುತ್ತಿರಲಿಲ್ಲ.

ಈಗ ಅಟೋರ್ವಸ್ಟ್ಯಾಟಿನ್ ಮತ್ತೆ ದಿನವೂ ನಡೆದಿದೆ. ಟಡಾಲಫಿಲ್ ಪ್ರಮಾಣವನ್ನು ಡಾಕ್ಟರು ಅರ್ಧಕ್ಕೆ ಇಳಿಸಿದ ಮೇಲೆ ಸೊಂಟನೋವು ಅಷ್ಟಾಗಿ ಕಾಡುತ್ತಿಲ್ಲ. ಎರಡನ್ನೂ ಒಂದೇ ಹೊತ್ತಿಗೆ ನುಂಗಬಾರದೆಂಬ ನಿಯಮವೇನಿಲ್ಲ, ಗಂಟೆಗಳ ಅಂತರ ಬಿಡುವ ಅಗತ್ಯವೂ ಇಲ್ಲ. ಪರ್ಸಿನಲ್ಲಿ ಒಂದು ಚೀಟಿಯಿದೆ, ಅದರಲ್ಲಿ ನಾನು ತೆಗೆದುಕೊಳ್ಳುವ ಎಲ್ಲ ಔಷಧಗಳ ಹೆಸರಿವೆ, ಈ ಒಂದನ್ನು ಬಿಟ್ಟಿಲ್ಲ. ಕೊನೆಯ ಮಾತ್ರೆ ಯಾವ ದಿನ ಎಷ್ಟು ಹೊತ್ತಿಗೆ ಎಂಬುದು ನನ್ನ ಹೆಂಡತಿಗೂ ಗೊತ್ತಿರುತ್ತದೆ. ನನಗೆ ಎದೆನೋವು ಬಂದು ಮಾತಾಡಲು ಆಗದಿದ್ದರೆ, ಆಂಬುಲೆನ್ಸಿನವರು ನಾಲಿಗೆಯಡಿ ಮಾತ್ರೆ ಇಡುವ ಮುನ್ನ ಅದನ್ನು ಹೇಳಬೇಕಾದವಳು ಅವಳು.